ಅಡುಗೆಯ ಸೊಪ್ಪೋ, ಅಲಂಕಾರದ ಗಿಡವೋ? ನಗರದ ಮನೆಗೊಂದು ಕುಂಡವನ್ನು ಆರಿಸುವ ಬಗೆ

ಹಿತ್ತಲಿನಿಂದ ಬಾಲ್ಕನಿಗೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆಟಕುವಷ್ಟು ಹತ್ತಿರವಿರುವ ವಸ್ತುವಿಗೆ ಬೆಲೆ ಕೊಡದಿರುವುದು ಮನುಷ್ಯನ ಸ್ವಭಾವವೆಂಬುದನ್ನು ಅದು ಎತ್ತಿ ಹೇಳುತ್ತದೆ. ಆದರೆ ಇಂದಿನ ನಗರವಾಸಿಗಳಲ್ಲಿ ಅನೇಕರಿಗೆ ಗಿಡವನ್ನು ಕಡೆಗಣಿಸಲು ಹಿತ್ತಲೇ ಉಳಿದಿಲ್ಲ. ಹಿತ್ತಲಿನ ಸ್ಥಾನಕ್ಕೆ ಬಾಲ್ಕನಿ ಬಂದಿದೆ. ಬಾಲ್ಕನಿಯೂ ಇಲ್ಲದೆಡೆ ಕಿಟಕಿಯ ಕಟ್ಟೆ ಬಂದಿದೆ. ಹತ್ತಾರು ಗಿಡಗಳಿಗೆ ಸ್ಥಳವಿದ್ದ ಮನೆಯಲ್ಲಿ ಯಾವ ಗಿಡ ಬೇಕು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಒಂದೋ ಎರಡೋ ಕುಂಡಗಳಿಗೆ ಮಾತ್ರ ಸ್ಥಳವಿರುವಾಗ ಆ ಪ್ರಶ್ನೆ ಮಹತ್ವದ್ದಾಗುತ್ತದೆ.

ಹೈದರಾಬಾದ್ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ವಿದ್ಯಾಭ್ಯಾಸ, ನೌಕರಿ ಹಾಗೂ ವ್ಯಾಪಾರಗಳ ನಿಮಿತ್ತ ಅಲ್ಲಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಕಾಚಿಗುಡಾ ಮತ್ತು ಅದರ ಸುತ್ತಲಿನ ಬಡಾವಣೆಗಳಲ್ಲಿ ಇಂದಿಗೂ ಇವೆ. ಕಾಚಿಗುಡಾದ ನೃಪತುಂಗ ವಿದ್ಯಾಸಂಸ್ಥೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಆ ಸಂಬಂಧದ ಸಾಕ್ಷಿಗಳು. ಅಂಗಳವಿದ್ದ ಹಳೆಯ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಂತೆ, ಅಂಗಳದ ಕರಿಬೇವು, ಪಾರಿಜಾತ, ತುಳಸಿಗಳ ಸಂಸಾರವೂ ಕುಗ್ಗಿ ಕುಂಡದೊಳಕ್ಕೆ ಸೇರಿದೆ.

ಅಂತಹ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬಾಲ್ಕನಿಯ ಅಗಲ ನಾಲ್ಕು ಅಡಿ. ಅದರಲ್ಲಿ ಬಟ್ಟೆ ಒಣಗಿಸುವ ತಂತಿಗೂ ಒಗೆಯುವ ಯಂತ್ರಕ್ಕೂ ಜಾಗ ಹೋದ ಮೇಲೆ ಒಂದು ಕುಂಡಕ್ಕಷ್ಟೇ ಎಡೆ. ಬೀದರ್ ಕಡೆಯಿಂದ ಬಂದ ಅತ್ತೆಯವರಿಗೆ ದಿನವೂ ಸಾರಿಗೆ ನಾಲ್ಕೆಸಳು ಕೊತ್ತಂಬರಿ ಬೇಕು. ಬೆಳಗ್ಗೆ ಹೋಗಿ ರಾತ್ರಿ ಬರುವ ಸೊಸೆಗೆ, ಹೆಚ್ಚು ಆರೈಕೆ ಕೇಳದೆ ಕಣ್ಣಿಗೆ ತಂಪೆನಿಸುವ ಹಸಿರೆಲೆಯ ಗಿಡ ಬೇಕು. ಎರಡು ವರ್ಷದ ಮಗುವೂ ಮನೆಯಲ್ಲಿದೆ. ಇಬ್ಬರ ಅಪೇಕ್ಷೆಯೂ ನ್ಯಾಯವಾದದ್ದೇ. ಹಾಗಿರುವಲ್ಲಿ ಯಾವ ಗಿಡವನ್ನು ಆರಿಸಬೇಕು? ಇದನ್ನು ಅಭಿರುಚಿಯ ಪ್ರಶ್ನೆಯೆಂದು ತಿಳಿಯುವುದು ವಾಡಿಕೆ. ವಾಸ್ತವವಾಗಿ ಇದು ಮೊದಲು ಬೆಳಕಿನ ಪ್ರಶ್ನೆ, ಅನಂತರ ಸುರಕ್ಷತೆಯ ಪ್ರಶ್ನೆ. ಅಭಿರುಚಿಯದು ಮೂರನೆಯ ಸ್ಥಾನ. ಈ ಲೇಖನದಲ್ಲಿ ಅದೇ ಕ್ರಮದಲ್ಲಿ ವಿಷಯವನ್ನು ವಿವರಿಸಲಾಗಿದೆ.

ಎರಡು ಬಗೆಯ ಗಿಡ, ಎರಡು ಬಗೆಯ ಬದುಕು

ಎಲ್ಲ ಹಸಿರು ಸಸ್ಯಗಳೂ ಸೂರ್ಯನ ಬೆಳಕಿನ ಸಹಾಯದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡುಗಳನ್ನು ಬಳಸಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಬೆಳಕೇ ಅವುಗಳ ಆದಾಯ. ಆದರೆ ಎಲ್ಲ ಸಸ್ಯಗಳ ಖರ್ಚು ಒಂದೇ ಸಮನಾಗಿರುವುದಿಲ್ಲ.

ಕೊತ್ತಂಬರಿ, ಪುದೀನ, ಮೆಂತ್ಯ, ಕರಿಬೇವು ಮೊದಲಾದವು ಬಯಲಿನ ಬಿಸಿಲಿಗೆ ಹೊಂದಿಕೊಂಡು ಬಂದ ಸಸ್ಯಗಳು. ನಾವು ಅವುಗಳ ಎಲೆಯನ್ನು ಪದೇ ಪದೇ ಕೀಳುತ್ತೇವೆ. ಕಿತ್ತ ಪ್ರತಿಯೊಂದು ಎಲೆಗೂ ಪ್ರತಿಯಾಗಿ ಗಿಡವು ಹೊಸ ಎಲೆಯನ್ನು ಕಟ್ಟಬೇಕು. ಸೊಪ್ಪಿಗೆ ಪರಿಮಳ ಕೊಡುವ ತೈಲಾಂಶಗಳನ್ನೂ ತಯಾರಿಸಬೇಕು. ಇಷ್ಟು ಖರ್ಚಿಗೆ ದಿನಕ್ಕೆ ನಾಲ್ಕೈದು ಗಂಟೆಗಳ ನೇರ ಬಿಸಿಲಾದರೂ ಬೇಕು. ಬಿಸಿಲು ಸಾಲದಿದ್ದರೆ ಕೊತ್ತಂಬರಿಯ ಸಸಿ ದಾರದಂತೆ ಉದ್ದವಾಗಿ ಎದ್ದು ಒಂದು ಬದಿಗೆ ವಾಲಿ ಬೀಳುತ್ತದೆ. ಎಲೆಯಲ್ಲಿ ವಾಸನೆಯೂ ಇರುವುದಿಲ್ಲ. ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ ಗೊಬ್ಬರ ಸುರಿಯುವವರಿದ್ದಾರೆ. ಬೆಳಕಿನ ಕೊರತೆಯನ್ನು ಗೊಬ್ಬರ ತುಂಬಿಕೊಡಲಾರದು.

ಅಲಂಕಾರಕ್ಕಾಗಿ ಮನೆಯೊಳಗಿಡುವ ಮನಿ ಪ್ಲಾಂಟ್, ಡೀಫೆನ್‌ಬೇಕಿಯ, ಫಿಲೊಡೆಂಡ್ರನ್ ಮುಂತಾದವುಗಳ ಹಿನ್ನೆಲೆಯೇ ಬೇರೆ. ಮನಿ ಪ್ಲಾಂಟಿನ ತವರು ಪೆಸಿಫಿಕ್ ಮಹಾಸಾಗರದ ಒಂದು ದ್ವೀಪ. ಡೀಫೆನ್‌ಬೇಕಿಯದ ತವರು ಅಮೆರಿಕ ಖಂಡದ ಉಷ್ಣವಲಯದ ಕಾಡುಗಳು. ಎತ್ತರದ ಮರಗಳ ಕೆಳಗೆ, ಎಲೆಗಳ ನಡುವೆ ಸೋಸಿ ಬರುವ ಮಂದ ಬೆಳಕಿನಲ್ಲಿ ಬಾಳುವುದನ್ನು ಇವು ಕಲಿತಿವೆ. ಇವು ನಿಧಾನವಾಗಿ ಬೆಳೆಯುತ್ತವೆ; ಒಮ್ಮೆ ಕಟ್ಟಿದ ಎಲೆಯನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತವೆ. ನಾವೂ ಅವುಗಳ ಎಲೆಯನ್ನು ಕೀಳುವುದಿಲ್ಲ. ಆದಾಯ ಕಡಿಮೆಯಾದರೂ ಖರ್ಚೂ ಕಡಿಮೆ. ಆದ್ದರಿಂದಲೇ ಅವು ಕೋಣೆಯೊಳಗಿನ ಬೆಳಕಿನಲ್ಲಿ ಬದುಕುತ್ತವೆ. ಇದೇ ಗಿಡಗಳನ್ನು ಹೈದರಾಬಾದಿನ ಮೇ ತಿಂಗಳ ಬಿಸಿಲಿನಲ್ಲಿಟ್ಟರೆ ಒಂದೆರಡು ದಿನಗಳಲ್ಲಿ ಎಲೆ ಸುಟ್ಟು ಕಂದಾಗುತ್ತದೆ.

ಹೀಗೆ, ಕಿತ್ತು ತಿನ್ನುವ ಗಿಡಕ್ಕೆ ಬಿಸಿಲು ಬೇಕು. ನೋಡುವ ಗಿಡಕ್ಕೆ ನೆರಳಾದರೂ ಸಾಕು. ಆಯ್ಕೆಯ ಮೊದಲ ಸೂತ್ರ ಇದು.

ಬಾಲ್ಕನಿಯ ದಿಕ್ಕು ಮತ್ತು ಸೂರ್ಯನ ಸಂಚಾರ

ಹೈದರಾಬಾದ್ ನಗರವು ಸುಮಾರು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಕಲಬುರಗಿಯೂ ಬಹುಮಟ್ಟಿಗೆ ಇದೇ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಹೇಳುವ ಮಾತು ಅಲ್ಲಿಗೂ ಅನ್ವಯಿಸುತ್ತದೆ. ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಕ್ಷಣದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೂ, ವರ್ಷದ ಉಳಿದ ಕಾಲದಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಡಿಸೆಂಬರ್ ಕೊನೆಯ ಭಾಗದಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 49 ಡಿಗ್ರಿಗಳಷ್ಟು ಮಾತ್ರ.

ಇದರಿಂದ ಬಾಲ್ಕನಿಗಳ ಗುಣವನ್ನು ನಿರ್ಧರಿಸಬಹುದು. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಓರೆಬಿಸಿಲು ಒಳಗಿನವರೆಗೂ ಬೀಳುತ್ತದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಕೊತ್ತಂಬರಿ ಮತ್ತು ಮೆಂತ್ಯ ಸೊಪ್ಪುಗಳು ಚೆನ್ನಾಗಿ ಬರುವ ಕಾಲವೂ ಅದೇ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರಿದಾಗ ಮೇಲಿನ ಮಹಡಿಯ ಚಾವಣಿ ಅದೇ ಬಾಲ್ಕನಿಗೆ ಕೊಡೆಯಾಗುತ್ತದೆ. ಪೂರ್ವದ ಬಾಲ್ಕನಿಗೆ ವರ್ಷವಿಡೀ ಬೆಳಗಿನ ಎಳೆಬಿಸಿಲು ದೊರೆಯುವುದರಿಂದ ಅದು ಅಡುಗೆಯ ಸೊಪ್ಪಿಗೆ ಅತ್ಯಂತ ಅನುಕೂಲವಾದದ್ದು. ಪಶ್ಚಿಮದ ಬಾಲ್ಕನಿಗೆ ಬಿಸಿಲಿನ ಕೊರತೆಯಿಲ್ಲ. ಆದರೆ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಏಪ್ರಿಲ್ ಮತ್ತು ಮೇ ತಿಂಗಳುಗಳ ಇಳಿಹೊತ್ತಿನಲ್ಲಿ ಅಲ್ಲಿಯ ಕುಂಡದ ಮಣ್ಣೇ ಕಾಯುತ್ತದೆ. ನೆರಳಿನ ಬಲೆಯನ್ನೋ ಹಳೆಯ ಸೀರೆಯನ್ನೋ ಕಟ್ಟಬೇಕಾಗುತ್ತದೆ. ಉತ್ತರದ ಬಾಲ್ಕನಿಗೆ ನೇರ ಬಿಸಿಲು ಬೀಳುವುದು ಮುಖ್ಯವಾಗಿ ಬೇಸಿಗೆ ಮತ್ತು ಮಳೆಗಾಲಗಳಲ್ಲಿ. ಮಳೆಗಾಲದಲ್ಲಿ ಮೋಡ ಅದನ್ನೂ ಮರೆಮಾಡುತ್ತದೆ. ಆದುದರಿಂದ ಉತ್ತರದ ಬಾಲ್ಕನಿ ಅಲಂಕಾರದ ಗಿಡಗಳಿಗೆ ಸರಿಯಾದ ನೆಲೆ.

ಎದುರಿನ ಕಟ್ಟಡದ ನೆರಳು ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಬಹುದು. ಆದ್ದರಿಂದ ಗಿಡ ತರುವ ಮುನ್ನ ಒಂದು ಸರಳ ಪರೀಕ್ಷೆ ಮಾಡುವುದು ಒಳ್ಳೆಯದು. ಕುಂಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿಯ ಕಾಗದವನ್ನಿಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈಯನ್ನು ಹಿಡಿಯಬೇಕು. ಬೆರಳುಗಳ ಅಂಚು ಸ್ಪಷ್ಟವಾಗಿ ಕಾಣುವ ನೆರಳು ಬಿದ್ದರೆ ಅದು ನೇರ ಬಿಸಿಲು. ಅಂಚು ಕದಡಿದಂತಿದ್ದರೆ ಮಧ್ಯಮ ಬೆಳಕು. ನೆರಳೇ ಕಾಣದಿದ್ದರೆ ಮಂದ ಬೆಳಕು. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹೀಗೆ ನೋಡಿ, ಸ್ಪಷ್ಟ ನೆರಳು ಬಿದ್ದ ಗಂಟೆಗಳನ್ನು ಲೆಕ್ಕ ಹಾಕಬೇಕು. ಅವು ನಾಲ್ಕಕ್ಕಿಂತ ಹೆಚ್ಚಿದ್ದರೆ ಅಡುಗೆಯ ಸೊಪ್ಪು. ಕಡಿಮೆಯಿದ್ದರೆ ಅಲಂಕಾರದ ಗಿಡ. ಇಷ್ಟು ಮಾಡಿದರೆ ಮನೆಯೊಳಗಿನ ಅರ್ಧ ವಾದ ತಾನಾಗಿಯೇ ಮುಗಿಯುತ್ತದೆ.

ಅಡುಗೆಯ ಸೊಪ್ಪಿನಿಂದ ಎಷ್ಟು ಪ್ರಯೋಜನ?

ಸೊಪ್ಪಿನ ಪೌಷ್ಟಿಕ ಗುಣಗಳ ಬಗ್ಗೆ ನಮ್ಮ ದೇಶದಲ್ಲಿ ನಡೆದ ಅಧ್ಯಯನಗಳಲ್ಲಿ ಹೈದರಾಬಾದಿಗೆ ವಿಶೇಷ ಸ್ಥಾನವಿದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ತಾರ್ನಾಕಾದ ಬಳಿಯಿರುವ ಈ ಸಂಸ್ಥೆ ಭಾರತೀಯ ಆಹಾರ ಪದಾರ್ಥಗಳಲ್ಲಿರುವ ಪೋಷಕಾಂಶಗಳ ಪಟ್ಟಿಗಳನ್ನು ಪ್ರಕಟಿಸುತ್ತ ಬಂದಿದೆ. 2017ರಲ್ಲಿ ಅದರ ಪರಿಷ್ಕೃತ ಪಟ್ಟಿ ಹೊರಬಂದಿತು. ಕೊತ್ತಂಬರಿ, ಕರಿಬೇವು, ಪುದೀನಗಳಲ್ಲಿ ಶರೀರವು ‘ಎ’ ಜೀವಸತ್ವವನ್ನಾಗಿ ಪರಿವರ್ತಿಸಿಕೊಳ್ಳುವ ಕ್ಯಾರೊಟಿನ್ ಹೇರಳವಾಗಿದೆ. ನೂರು ಗ್ರಾಂ ಹಸಿ ಕರಿಬೇವಿನಲ್ಲಿ 600 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.

ಆದರೆ ಈ ಅಂಕಿಗಳನ್ನು ಓದುವಾಗ ವಿವೇಚನೆ ಅಗತ್ಯ. ಒಂದು ಒಗ್ಗರಣೆಗೆ ಹಾಕುವ ಕರಿಬೇವು ಒಂದೆರಡು ಗ್ರಾಂ ಮಾತ್ರ. ಅದರಿಂದ ದೊರೆಯುವ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂನ ಆಸುಪಾಸು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿಲಿಗ್ರಾಂ. ಅದೂ ಎಲೆಯನ್ನು ಅಗಿದು ನುಂಗಿದರೆ. ನಮ್ಮಲ್ಲಿ ಅನೇಕರು ಅದನ್ನು ಎಲೆಯ ಬದಿಗೆ ತೆಗೆದಿಡುತ್ತಾರೆ. ಆದ್ದರಿಂದ ಒಂದು ಕುಂಡದ ಸೊಪ್ಪಿನಿಂದ ಕುಟುಂಬದ ಪೌಷ್ಟಿಕತೆ ಬದಲಾಗುತ್ತದೆಂದು ಭಾವಿಸಬಾರದು. ಊಟದ ತಟ್ಟೆಯಲ್ಲಿ ಪುಂಡಿ, ಪಾಲಕ್, ಮೆಂತ್ಯ, ದಂಟುಗಳ ಪಲ್ಯವಿರಬೇಕು; ಅದಕ್ಕೆ ಮಾರುಕಟ್ಟೆಯೇ ಗತಿ. ಕುಂಡದ ಸೊಪ್ಪು ಅದಕ್ಕೆ ಬದಲಿಯಲ್ಲ.

ಹಾಗಾದರೆ ಕುಂಡದ ಸೊಪ್ಪಿನ ಪ್ರಯೋಜನವೇನು? ಮೊದಲನೆಯದು, ತಾಜಾತನ. ಕಿತ್ತ ಸೊಪ್ಪಿನಲ್ಲಿ ‘ಸಿ’ ಜೀವಸತ್ವವೂ ಪರಿಮಳವೂ ಗಂಟೆಗಂಟೆಗೆ ಕಡಿಮೆಯಾಗುತ್ತವೆ. ಎರಡನೆಯದು, ಮಿತವ್ಯಯ. ಪೇಟೆಯಿಂದ ಕಟ್ಟು ತಂದರೆ ನಾಲ್ಕೆಸಳು ಬಳಸಿದ ಮೇಲೆ ಉಳಿದದ್ದು ಬಾಡಿಹೋಗುವುದುಂಟು. ಕುಂಡದಿಂದ ಬೇಕಾದಷ್ಟನ್ನೇ ಕೀಳಬಹುದು. ಮೂರನೆಯದು ಮತ್ತು ಮುಖ್ಯವಾದದ್ದು, ಅದಕ್ಕೆ ಯಾವ ನೀರು ಉಣಿಸಲಾಗಿದೆ, ಯಾವ ಔಷಧ ಸಿಂಪಡಿಸಲಾಗಿದೆ ಎಂಬುದು ನಮಗೆ ತಿಳಿದಿರುತ್ತದೆ. ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿಯ ದಡದಲ್ಲಿ ನಗರದ ತ್ಯಾಜ್ಯ ನೀರು ಬಳಸಿ ಮೇವಿನ ಹುಲ್ಲನ್ನೂ ಸೊಪ್ಪುಗಳನ್ನೂ ಬೆಳೆಯುವ ರೂಢಿ ದೀರ್ಘಕಾಲದಿಂದ ನಡೆದುಬಂದಿದ್ದು, ಅದರ ಬಗ್ಗೆ ಸಂಶೋಧಕರು ಅಧ್ಯಯನಗಳನ್ನೂ ನಡೆಸಿದ್ದಾರೆ. ದೊಡ್ಡ ನಗರಗಳ ಅಂಚಿನಲ್ಲಿ ಇಂತಹ ಕೃಷಿ ಸಾಮಾನ್ಯ. ಕೊತ್ತಂಬರಿ, ಪುದೀನಗಳನ್ನು ನಾವು ಅನೇಕ ವೇಳೆ ಬೇಯಿಸದೆ, ಚಟ್ನಿಯಾಗಿ ಅಥವಾ ಮೇಲೆ ಉದುರಿಸಿ ತಿನ್ನುತ್ತೇವೆ. ಪೇಟೆಯಿಂದ ತಂದ ಸೊಪ್ಪನ್ನು ಬೇರು ಕತ್ತರಿಸಿ, ಎರಡು ಮೂರು ನೀರಿನಲ್ಲಿ ತೊಳೆದು ಬಳಸುವುದು ಅಗತ್ಯ. ಹಸಿಯಾಗಿ ತಿನ್ನುವ ಸೊಪ್ಪನ್ನಾದರೂ ಮನೆಯಲ್ಲಿ ಬೆಳೆದುಕೊಂಡರೆ ಆ ಆತಂಕ ಕಡಿಮೆಯಾಗುತ್ತದೆ.

ಅಲಂಕಾರದ ಗಿಡವು ಗಾಳಿಯನ್ನು ಶುದ್ಧಗೊಳಿಸುತ್ತದೆಯೆ?

ಅಲಂಕಾರದ ಗಿಡಗಳನ್ನು ಮಾರುವವರು ‘ಗಾಳಿಯನ್ನು ಶುದ್ಧಗೊಳಿಸುವ ಗಿಡ’ ಎಂದು ಹೇಳುವುದುಂಟು. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಪ್ರಕಟಿಸಿದ ಅಧ್ಯಯನವೊಂದು ಈ ಮಾತಿಗೆ ಮೂಲ. ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ಪರೀಕ್ಷಿಸಿದಾಗ ಬೆನ್ಜೀನ್‌ನಂತಹ ಕೆಲವು ಹಾನಿಕರ ಅನಿಲಗಳ ಪ್ರಮಾಣ ಕಡಿಮೆಯಾದದ್ದು ನಿಜ. ಆದರೆ ಮನೆ ಮುಚ್ಚಿದ ಪೆಟ್ಟಿಗೆಯಲ್ಲ. 2019ರಲ್ಲಿ ಇಂತಹ ಹಲವಾರು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಇಬ್ಬರು ಸಂಶೋಧಕರು, ಕಿಟಕಿ ಬಾಗಿಲುಗಳ ಮೂಲಕ ಸಹಜವಾಗಿ ಆಗುವ ಗಾಳಿಯ ಬದಲಾವಣೆಗೆ ಗಿಡಗಳು ಸಮನಾಗಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ ಹತ್ತರಿಂದ ಸಾವಿರದವರೆಗೆ ಗಿಡಗಳು ಬೇಕೆಂದು ತೋರಿಸಿಕೊಟ್ಟರು. ಅಷ್ಟು ಗಿಡಗಳನ್ನಿಟ್ಟರೆ ಮನೆಯವರಿಗೆ ಸ್ಥಳವಿರುವುದಿಲ್ಲ. ಶುದ್ಧ ಗಾಳಿ ಬೇಕೆನ್ನುವವರು ಕಿಟಕಿ ತೆರೆಯುವುದೇ ಸರಿಯಾದ ಮಾರ್ಗ.

ಹಾಗೆಂದು ಅಲಂಕಾರದ ಗಿಡ ನಿರರ್ಥಕವೆಂದಲ್ಲ. ದಿನದ ದುಡಿಮೆಯಿಂದ ಬಳಲಿ ಬಂದವರ ಕಣ್ಣಿಗೆ ಹಸಿರು ನೀಡುವ ನೆಮ್ಮದಿ ಸಣ್ಣದಲ್ಲ. ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು ಎನ್ನುವಂತಹ ಗಿಡಗಳು ಅವುಗಳಲ್ಲಿವೆ. ರಜೆಯಲ್ಲಿ ಊರಿಗೆ ಹೋಗಿ ಬಂದರೂ ಉಳಿದಿರುತ್ತವೆ. ಅವುಗಳಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬ ತಿಳಿವಳಿಕೆ ಇರಬೇಕು, ಅಷ್ಟೆ.

ಮಕ್ಕಳಿರುವ ಮನೆಯಲ್ಲಿ ಎಚ್ಚರಿಕೆ

ಕೆಸುವಿನ ಎಲೆಯನ್ನೋ ಸುವರ್ಣಗೆಡ್ಡೆಯನ್ನೋ ಸರಿಯಾಗಿ ಬೇಯಿಸದೆ ತಿಂದರೆ ಬಾಯಿ, ಗಂಟಲು ತುರಿಸುವ ಅನುಭವ ಅನೇಕರಿಗಿದೆ. ಆ ಸಸ್ಯಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿಯಾಕಾರದ ಸೂಕ್ಷ್ಮ ಹರಳುಗಳಿರುವುದೇ ಅದಕ್ಕೆ ಮುಖ್ಯ ಕಾರಣ. ನಮ್ಮ ಹಿರಿಯರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ ಆ ತುರಿಕೆಯನ್ನು ಅಡಗಿಸುವ ಕ್ರಮವನ್ನು ಕಂಡುಕೊಂಡಿದ್ದರು. ಮನಿ ಪ್ಲಾಂಟ್, ಡೀಫೆನ್‌ಬೇಕಿಯ, ಫಿಲೊಡೆಂಡ್ರನ್, ಸಿಂಗೋನಿಯಂಗಳೂ ಕೆಸುವಿನ ಕುಟುಂಬಕ್ಕೇ ಸೇರಿದವು. ಅವುಗಳಲ್ಲಿಯೂ ಅದೇ ಹರಳುಗಳಿವೆ. ವ್ಯತ್ಯಾಸವೆಂದರೆ, ಕೆಸು ಒಲೆಯನ್ನು ದಾಟಿ ಬಾಯಿಗೆ ಬರುತ್ತದೆ. ಅಲಂಕಾರದ ಗಿಡದ ಎಲೆ ನೇರವಾಗಿ ಮಗುವಿನ ಬಾಯಿಗೆ ಹೋಗುತ್ತದೆ.

ಡೀಫೆನ್‌ಬೇಕಿಯದ ಬಿಳಿ ಮಚ್ಚೆಗಳ ಅಗಲವಾದ ಎಲೆ ನೋಡಲು ಸುಂದರ. ಆದರೆ ಅದನ್ನು ಕಚ್ಚಿದರೆ ತಕ್ಷಣ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ನಾಲಿಗೆ ಊದಿಕೊಂಡು ಮಾತು ನಿಲ್ಲುವುದೂ ಉಂಟು. ಇಂಗ್ಲಿಷಿನಲ್ಲಿ ಅದಕ್ಕೆ ‘ಮೂಕಗೊಳಿಸುವ ಕಬ್ಬು’ ಎಂಬ ಅರ್ಥದ ಹೆಸರು ಬಂದಿರುವುದು ಇದರಿಂದಲೇ. ಪ್ರಾಣಾಪಾಯ ಅಪರೂಪವಾದರೂ ಗಂಟಲಿನ ಊತದಿಂದ ಉಸಿರಾಟಕ್ಕೆ ತೊಂದರೆಯಾಗುವ ಸಂಭವವಿದೆ. ಎರಡು ಮೂರು ವರ್ಷದ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದರಿಂದ ಅಂತಹ ಮನೆಗಳಲ್ಲಿ ಈ ಗಿಡವನ್ನು ಇಡದಿರುವುದೇ ಲೇಸು. ಮನಿ ಪ್ಲಾಂಟನ್ನು ಇಡುವುದಾದರೆ ಮಗುವಿಗೆ ಎಟಕದ ಎತ್ತರದಲ್ಲಿ ತೂಗುಹಾಕಬೇಕು. ಬಳ್ಳಿ ಕೆಳಗಿಳಿದಂತೆ ಕತ್ತರಿಸುತ್ತಿರಬೇಕು. ಗಿಡ ಕತ್ತರಿಸಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣಿಗೆ ತಾಗಿಸಬಾರದು.

ಅಕಸ್ಮಾತ್ ಮಗು ಇಂತಹ ಎಲೆಯನ್ನು ಕಚ್ಚಿದರೆ ಗಾಬರಿಯಾಗದೆ ಈ ಕ್ರಮಗಳನ್ನು ಕೈಗೊಳ್ಳಬೇಕು. ಬಾಯಿಯಲ್ಲಿರುವ ಎಲೆಯ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ತಣ್ಣೀರಿನಿಂದ ಬಾಯಿ ತೊಳೆಯಬೇಕು. ಮಗು ಸರಾಗವಾಗಿ ನುಂಗುತ್ತಿದ್ದರೆ ತಣ್ಣನೆಯ ಹಾಲು ಅಥವಾ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು. ಯಾವ ಕಾರಣಕ್ಕೂ ವಾಂತಿ ಮಾಡಿಸಬಾರದು. ರಸ ಕಣ್ಣಿಗೆ ಸಿಡಿದಿದ್ದರೆ ಹದಿನೈದು ನಿಮಿಷಗಳ ಕಾಲ ಶುದ್ಧ ನೀರು ಹರಿಸಿ ತೊಳೆದು ವೈದ್ಯರಿಗೆ ತೋರಿಸಬೇಕು. ತುಟಿ, ನಾಲಿಗೆ ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 2005ರಲ್ಲಿ ಹೈದರಾಬಾದಿನಲ್ಲಿಯೇ ಮೊದಲು ಆರಂಭವಾದ 108 ತುರ್ತು ವಾಹನ ಸೇವೆ ಈಗ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳಲ್ಲಿ ಲಭ್ಯವಿದೆ. ಹೋಗುವಾಗ ಗಿಡದ ಒಂದು ಎಲೆಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಗುರುತಿಸಲು ಸಹಾಯವಾಗುತ್ತದೆ.

ಅಲಂಕಾರದ ಗಿಡವೇ ಬೇಕೆನ್ನುವ ಮಕ್ಕಳೊಂದಿಗರಿಗೆ ವಿಷರಹಿತವಾದ ಗಿಡಗಳೂ ಇವೆ. ಗರಿಯಂತಹ ಎಲೆಗಳ ಅರೆಕಾ ಪಾಮ್, ಹುಲ್ಲಿನಂತೆ ಬಾಗುವ ಪಟ್ಟೆಯೆಲೆಯ ಸ್ಪೈಡರ್ ಪ್ಲಾಂಟ್‌ಗಳು ಅಂತಹವು. ಅರೆಕಾ ಪಾಮ್ ಎಂಬುದು ಹೆಸರಿನಲ್ಲಿ ಮಾತ್ರ ಅಡಿಕೆ. ಅದರ ಮೂಲ ಮಡಗಾಸ್ಕರ್ ದ್ವೀಪ.

ನಿಂತ ನೀರು

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬೇಗಂಪೇಟೆಯಲ್ಲಿರುವ ಅವರ ಹೆಸರಿನ ಕಟ್ಟಡ ಆ ಶೋಧನೆಯ ಸ್ಮಾರಕವಾಗಿದೆ. ಸೊಳ್ಳೆಯಿಂದ ರೋಗ ಹರಡುತ್ತದೆಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟ ಇದೇ ನಗರದಲ್ಲಿ ಇಂದು ಮಳೆಗಾಲದ ದೊಡ್ಡ ಚಿಂತೆ ಡೆಂಗಿ ಜ್ವರ. ಅದನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆಗೆ ಚರಂಡಿ ಬೇಕಾಗಿಲ್ಲ. ಮನೆಯೊಳಗಿನ ತಿಳಿನೀರೇ ಸಾಕು.

ಗಾಜಿನ ಸೀಸೆಯಲ್ಲಿ ನೀರು ತುಂಬಿ ಮನಿ ಪ್ಲಾಂಟಿನ ಬಳ್ಳಿಯನ್ನು ಇಡುವ ರೂಢಿ ವ್ಯಾಪಕವಾಗಿದೆ. ಕುಂಡದ ಕೆಳಗೆ ತಟ್ಟೆಯಿಡುವುದೂ ಸಾಮಾನ್ಯ. ಎರಡೂ ಈ ಸೊಳ್ಳೆಗೆ ಪ್ರಿಯವಾದ ತಾಣಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ನೀರನ್ನು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ನಾರಿನಿಂದ ಉಜ್ಜಬೇಕು. ಏಕೆಂದರೆ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿದ್ದು, ಮತ್ತೆ ನೀರು ತಗುಲಿದಾಗ ಒಡೆಯುತ್ತವೆ. 2020ರಲ್ಲಿ ತೆಲಂಗಾಣ ಸರ್ಕಾರವು ಪ್ರತಿ ಭಾನುವಾರ ಬೆಳಗ್ಗೆ 10 ಗಂಟೆಗೆ 10 ನಿಮಿಷಗಳನ್ನು ಮನೆಯ ನಿಂತ ನೀರನ್ನು ತೆಗೆಯಲು ಮೀಸಲಿಡುವಂತೆ ಜನರಿಗೆ ಕರೆ ನೀಡಿದ್ದುದರ ಹಿಂದೆ ಇದೇ ತತ್ತ್ವವಿದೆ. ಸೀಸೆಯಲ್ಲಿ ನೀರಿನ ಬದಲು ಮಣ್ಣು, ತಟ್ಟೆಯಲ್ಲಿ ನೀರಿನ ಬದಲು ಒಣಮರಳು ತುಂಬಿದರೆ ಅಪಾಯ ಬಹಳ ಮಟ್ಟಿಗೆ ತಪ್ಪುತ್ತದೆ.

ಎರಡಕ್ಕೂ ಸಲ್ಲುವ ಗಿಡ

ಅಡುಗೆ ಮತ್ತು ಅಲಂಕಾರ ಪರಸ್ಪರ ವಿರೋಧಿಗಳೇನಲ್ಲ. ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದ್ದ ಕೆಲವು ಗಿಡಗಳು ಎರಡು ಉದ್ದೇಶಗಳನ್ನೂ ಈಡೇರಿಸುತ್ತವೆ. ಅವುಗಳಲ್ಲಿ ದೊಡ್ಡಪತ್ರೆ ಮುಖ್ಯವಾದದ್ದು. ದಪ್ಪನೆಯ, ಮೃದುವಾದ ರೋಮಗಳಿರುವ, ಅಂಚಿನಲ್ಲಿ ಹಲ್ಲುಗಳಿರುವ ಇದರ ಎಲೆ ಕಣ್ಣಿಗೂ ಅಂದ. ತೆಲುಗರು ಇದನ್ನು ವಾಮಾಕು ಎಂದು ಕರೆಯುತ್ತಾರೆ. ಓಮದ ವಾಸನೆ ಬರುವುದರಿಂದ ಓಮದ ಗಿಡವೇ ಇದು ಎಂದು ಕೆಲವರು ತಿಳಿಯುತ್ತಾರೆ. ಓಮದ ಕಾಳು ಬರುವ ಗಿಡ ಬೇರೆ. ಕನ್ನಡಿಗರು ದೊಡ್ಡಪತ್ರೆಯಿಂದ ತಂಬುಳಿ, ಚಟ್ನಿ, ಬಜ್ಜಿಗಳನ್ನು ಮಾಡುತ್ತಾರೆ. ಒಂದು ಗೇಣು ಉದ್ದದ ಕಡ್ಡಿಯನ್ನು ನೆಟ್ಟರೆ ಬೇರು ಬಿಡುತ್ತದೆ. ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ಎರಡು ಮೂರು ದಿನ ನೀರು ತಪ್ಪಿದರೂ ಬಾಡುವುದಿಲ್ಲ. ಎರಡು ಮೂರು ಗಂಟೆಗಳ ಬಿಸಿಲಿನಲ್ಲಿಯೂ ಬದುಕುತ್ತದೆ.

ಆದರೆ ಹೆಸರಿನ ಸಾದೃಶ್ಯದಿಂದ ಮೋಸಹೋಗಬಾರದು. ಸಸ್ಯತೋಟಗಳಲ್ಲಿ ಕೋಲಿಯಸ್ ಎಂದು ಮಾರುವ ಬಣ್ಣಬಣ್ಣದ ಎಲೆಯ ಗಿಡವು ದೊಡ್ಡಪತ್ರೆಯ ಸಂಬಂಧಿಯಾದರೂ ಅಲಂಕಾರಕ್ಕೆ ಮಾತ್ರ. ಖಚಿತವಾಗಿ ಗುರುತಿಲ್ಲದ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು. ಗುರುತಿರುವ ಸೊಪ್ಪಿನ ಗಿಡವನ್ನು ಸಸ್ಯತೋಟದಿಂದ ತಂದರೂ, ಅಲ್ಲಿ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆಯಿರುವುದರಿಂದ, ಒಂದು ತಿಂಗಳು ಕಾದು ಹೊಸದಾಗಿ ಚಿಗುರಿದ ಎಲೆಗಳನ್ನೇ ಬಳಸುವುದು ಕ್ಷೇಮ.

ಬೆಳೆಸುವ ಕ್ರಮ

ಕೊತ್ತಂಬರಿಗೆ ಆಳಕ್ಕಿಂತ ಅಗಲ ಮುಖ್ಯ. ಆರು ಅಂಗುಲ ಆಳದ ಅಗಲವಾದ ತೊಟ್ಟಿ ಸಾಕು. ತಳದಲ್ಲಿ ನೀರು ಬಸಿಯುವ ತೂತುಗಳಿರಬೇಕು. ಅಡುಗೆಮನೆಯ ಧನಿಯಾ ಕಾಳನ್ನೇ ಬಿತ್ತಬಹುದು. ಹುರಿದದ್ದಾಗಲಿ ಬಹಳ ಹಳೆಯದಾಗಲಿ ಆಗಿರಬಾರದು. ಪ್ರತಿ ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಅದನ್ನು ಮೃದುವಾಗಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಎಂಟರಿಂದ ಹದಿನೈದು ದಿನಗಳಲ್ಲಿ ಮೊಳಕೆ ಕಾಣುತ್ತದೆ; ಸುಮಾರು ನಲವತ್ತು ದಿನಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಇದು ಒಂದು ಸಲದ ಬೆಳೆ. ನಿರಂತರವಾಗಿ ಬೇಕಾದರೆ ಹದಿನೈದು ದಿನಗಳಿಗೊಮ್ಮೆ ತೊಟ್ಟಿಯ ಒಂದೊಂದು ಭಾಗದಲ್ಲಿ ಬಿತ್ತುತ್ತಿರಬೇಕು. ಬೇಸಿಗೆಯ ಕಾವಿಗೆ ಕೊತ್ತಂಬರಿ ಬೇಗನೆ ಹೂಬಿಟ್ಟು ಸೊಪ್ಪು ನಿಲ್ಲಿಸುತ್ತದೆ. ಆಗ ಹಟ ಹಿಡಿಯದೆ ಪುದೀನ ಅಥವಾ ದೊಡ್ಡಪತ್ರೆಗೆ ತಿರುಗುವುದು ಜಾಣತನ.

ಪುದೀನಕ್ಕೆ ಬೀಜ ಬೇಡ. ಬಿರಿಯಾನಿಗಾಗಿ ತಂದ ಕಟ್ಟಿನಲ್ಲಿ ಗಟ್ಟಿಯಾದ ನಾಲ್ಕು ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆಗಳನ್ನು ತೆಗೆದು ಒದ್ದೆ ಮಣ್ಣಿನಲ್ಲಿ ಊರಿದರೆ ಒಂದೆರಡು ವಾರಗಳಲ್ಲಿ ಬೇರು ಹಿಡಿಯುತ್ತದೆ. ಅದು ತುಸು ನೆರಳನ್ನೂ ಸಹಿಸುತ್ತದೆ, ಆದರೆ ಮಣ್ಣು ಒಣಗುವುದನ್ನು ಸಹಿಸುವುದಿಲ್ಲ. ಇತರ ಗಿಡಗಳ ಜಾಗವನ್ನು ಆಕ್ರಮಿಸುವುದರಿಂದ ಅದಕ್ಕೆ ಪ್ರತ್ಯೇಕ ಕುಂಡವೇ ಬೇಕು. ಕರಿಬೇವು ಮರದ ಜಾತಿಯದು. ಕನಿಷ್ಠ ಒಂದು ಅಡಿ ಆಳದ ಕುಂಡವೂ ಒಳ್ಳೆಯ ಬಿಸಿಲೂ ಇದ್ದರೆ ಮಾತ್ರ ಅದನ್ನು ತರಬೇಕು. ಮೊದಲ ವರ್ಷ ಎಲೆ ಕೀಳುವ ಆತುರ ಸಲ್ಲದು.

ಮಣ್ಣಿಗೆ ಮೂರನೆಯ ಒಂದು ಭಾಗ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಬೇಕು. ಅಕ್ಕಿ, ಬೇಳೆ ತೊಳೆದ ನೀರನ್ನು ಗಿಡಕ್ಕೆ ಹಾಕಬಹುದು. ಉಪ್ಪು ಅಥವಾ ಸಾಬೂನು ಬೆರೆತ ನೀರು ಕೂಡದು. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಊರಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಒಂದು ಲೀಟರ್ ಅಳತೆಯ ಒದ್ದೆ ಮಣ್ಣು ಒಂದೂವರೆ ಕಿಲೋಗ್ರಾಂನಷ್ಟು ತೂಗುತ್ತದೆ. ಆದ್ದರಿಂದ ಕುಂಡವನ್ನು ಬಾಲ್ಕನಿಯ ಕೈಗೋಡೆಯ ಮೇಲೆ ಎಂದಿಗೂ ಇಡಬಾರದು. ಗಾಳಿಗೆ ಉರುಳಿದರೆ ಕೆಳಗೆ ಹೋಗುವವರ ಪ್ರಾಣಕ್ಕೆ ಸಂಚಕಾರ.

ತೀರ್ಮಾನ

ಈಗ ಆರಂಭದಲ್ಲಿ ಕಲ್ಪಿಸಿಕೊಂಡ ಮನೆಗೆ ಹಿಂತಿರುಗೋಣ. ಆ ಬಾಲ್ಕನಿ ಪೂರ್ವಕ್ಕೋ ದಕ್ಷಿಣಕ್ಕೋ ಮುಖ ಮಾಡಿದ್ದು, ನಾಲ್ಕು ಗಂಟೆಗಳಿಗಿಂತ ಹೆಚ್ಚು ಬಿಸಿಲು ಪಡೆಯುತ್ತಿದ್ದರೆ ಅತ್ತೆಯವರ ಕೊತ್ತಂಬರಿಗೇ ಮೊದಲ ಹಕ್ಕು. ಉತ್ತರಕ್ಕೆ ಮುಖ ಮಾಡಿದ್ದರೆ ಸೊಸೆಯ ಮಾತೇ ಸರಿ. ಆದರೆ ಮನೆಯಲ್ಲಿ ಮಗುವಿರುವುದರಿಂದ ಅವರು ತರಬೇಕಾದದ್ದು ಡೀಫೆನ್‌ಬೇಕಿಯವನ್ನಲ್ಲ, ಅರೆಕಾ ಪಾಮ್ ಅಥವಾ ಸ್ಪೈಡರ್ ಪ್ಲಾಂಟನ್ನು. ಬಿಸಿಲು ಎರಡು ಮೂರು ಗಂಟೆಗಳಷ್ಟೇ ಇದ್ದರೆ ದೊಡ್ಡಪತ್ರೆಯ ಒಂದು ಕುಂಡ ಇಬ್ಬರ ಅಪೇಕ್ಷೆಯನ್ನೂ ಪೂರೈಸುತ್ತದೆ. ದಿನವೂ ನೀರು ಹಾಕುವವರು ಮನೆಯಲ್ಲಿದ್ದಾರೆಯೇ ಎಂಬುದನ್ನೂ ಯೋಚಿಸಬೇಕು. ಇಲ್ಲಿ ಅತ್ತೆಯವರಿದ್ದಾರೆ, ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ.

ಗಿಡವನ್ನು ಕೊಳ್ಳುವ ಮುನ್ನ ಒಂದು ದಿನ ಬಿಸಿಲನ್ನು ಲೆಕ್ಕ ಹಾಕಲು, ಒಂದು ಕ್ಷಣ ಮಗುವಿನ ಕೈ ಎಷ್ಟು ಎತ್ತರಕ್ಕೆ ಎಟಕುತ್ತದೆಂದು ನೋಡಲು, ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಲು ಖರ್ಚೇನೂ ಇಲ್ಲ. ಈ ಮೂರನ್ನು ಪಾಲಿಸಿದರೆ ಅಡುಗೆಯ ಸೊಪ್ಪಾಗಲಿ ಅಲಂಕಾರದ ಗಿಡವಾಗಲಿ, ಮನೆಗೆ ಬಂದದ್ದು ಮನೆಯವರಿಗೆ ಹಿತವನ್ನೇ ಉಂಟುಮಾಡುತ್ತದೆ. ಹಿತ್ತಲು ಇಲ್ಲದ ಮನೆಯಲ್ಲಿಯೂ ಹಿತ್ತಲ ಗಿಡಕ್ಕೆ ಒಂದು ಎಡೆಯಿರುತ್ತದೆ.